ಪ್ಲಗ್ಗು, ಸಾಕೆಟ್ಟು ಮತ್ತು ನಡುವಣ ತುಂಡು

ಹಳೆಯ ಬೀಗದ ಕೈ, ಫ್ಯೂಸಿನ ತಂತಿ, ಅರ್ಧ ಉರಿದ ಮೇಣದ ಬತ್ತಿ ಮುಂತಾದ ಚಿಲ್ಲರೆ ಸಾಮಾನುಗಳಿಗಾಗಿ ನಮ್ಮ ಪ್ರತಿಯೊಂದು ಮನೆಯಲ್ಲೂ ಒಂದು ಡ್ರಾಯರು ಇರುತ್ತದೆ. ಅದರೊಳಗೆ ಕೈಯಾಡಿಸಿದರೆ ಬಿಳಿಯದೋ ಕಂದುಬಣ್ಣದ್ದೋ ಆದ ಒಂದು ತುಂಡು ಸಿಕ್ಕೇ ಸಿಗುತ್ತದೆ. ಒಂದು ಮುಖದಲ್ಲಿ ಮೂರು ಸಣ್ಣ ಪಿನ್ನುಗಳು, ಇನ್ನೊಂದು ಮುಖದಲ್ಲಿ ಮೂರು ದೊಡ್ಡ ತೂತುಗಳು. ಇಸ್ತ್ರಿ ಪೆಟ್ಟಿಗೆಯ ದಪ್ಪ ಪ್ಲಗ್ಗು ಗೋಡೆಯ ಸಣ್ಣ ಸಾಕೆಟ್ಟಿಗೆ ಹಿಡಿಸದೆ ಹೋದಾಗ ನಾವು ಇದನ್ನು ನಡುವೆ ಸಿಕ್ಕಿಸಿ ಕೆಲಸ ಸಾಗಿಸಿಕೊಳ್ಳುತ್ತೇವೆ. ಅಂಗಡಿಯಲ್ಲಿ ಇದರ ಹೆಸರು ಕನ್ವರ್ಷನ್ ಪ್ಲಗ್. ಈ ಹೊತ್ತು ನಾನು ಮಾತಾಡಬೇಕಾಗಿರುವುದು ವಿದ್ಯುತ್ ವಾಹನಗಳಿಗೆ ವಿದ್ಯುತ್ತು ತುಂಬುವ ಪ್ಲಗ್ಗುಗಳ ವಿಷಯವಾಗಿ, ಅವುಗಳ ನಡುವೆ ನಾವು ತುರುಕುವ ಅಡಾಪ್ಟರುಗಳ ವಿಷಯವಾಗಿ. ಆದರೂ ಈ ಡ್ರಾಯರಿನ ತುಂಡಿನಿಂದಲೇ ಆರಂಭಿಸುವುದು ವಿಹಿತವೆಂದು ತೋರಿತು.

ನಮ್ಮ ಮೂರು ಪಿನ್ನಿನ ಪ್ಲಗ್ಗು ಬ್ರಿಟಿಷರಿಂದ ಬಂದದ್ದು. ಅವರು 1934ರಲ್ಲಿ ಹೊರಡಿಸಿದ ದುಂಡು ಪಿನ್ನಿನ ಮಾನಕವನ್ನು ನಾವು ಹಿಡಿದುಕೊಂಡೆವು. ಅವರು 1947ರಲ್ಲಿ ಚಪ್ಪಟೆ ಪಿನ್ನಿನ ಬೇರೊಂದು ಮಾನಕವನ್ನು ರೂಪಿಸಿಕೊಂಡು ಮುಂದೆ ನಡೆದರು. ಆ ವರ್ಷ ಅವರು ಬಿಟ್ಟುಹೋದದ್ದು ನಮ್ಮ ದೇಶವನ್ನು ಮಾತ್ರವಲ್ಲ, ದುಂಡು ಪಿನ್ನನ್ನೂ ಕೂಡ ಎನ್ನಬಹುದು. ಈ ಪ್ಲಗ್ಗಿನಲ್ಲಿ ಎರಡು ಗಾತ್ರಗಳುಂಟು. ಸಣ್ಣದು 6 ಆಂಪಿಯರ್ ಪ್ರವಾಹಕ್ಕೆ, ದೊಡ್ಡದು 16 ಆಂಪಿಯರಿಗೆ. ಹಿರಿಯರು ಇಂದಿಗೂ ಇವನ್ನು ಐದು ಆಂಪ್ಸ್, ಹದಿನೈದು ಆಂಪ್ಸ್ ಎಂದೇ ಕರೆಯುತ್ತಾರೆ. ಸಣ್ಣದರ ಪಿನ್ನು ಸುಮಾರು 5 ಮಿಲಿಮೀಟರ್ ದಪ್ಪ, ದೊಡ್ಡದರದು 7. ಈ ಎರಡು ಮಿಲಿಮೀಟರುಗಳ ಅಂತರ ಯಾರದೋ ಮನಸ್ಸಿನ ಲಹರಿಯಲ್ಲ. ಹೆಚ್ಚು ವಿದ್ಯುತ್ತನ್ನು ಬೇಡುವ ಉಪಕರಣವು ಅಷ್ಟನ್ನು ತಡೆದುಕೊಳ್ಳಲಾರದ ಸಾಕೆಟ್ಟಿನೊಳಕ್ಕೆ ಹೋಗಲೇಕೂಡದೆಂದು ಲೋಹದಲ್ಲಿ ಬರೆದಿಟ್ಟ ನಿಷೇಧ ಅದು. ಓದು ಬರಹ ಬಾರದವನೂ ಈ ನಿಷೇಧವನ್ನು ಪಾಲಿಸಲೇಬೇಕು, ಏಕೆಂದರೆ ಪ್ಲಗ್ಗು ಒಳಗೆ ಹೋಗುವುದೇ ಇಲ್ಲ. ಕನ್ವರ್ಷನ್ ಪ್ಲಗ್ ಮಾಡುವ ಕೆಲಸವೆಂದರೆ ಈ ಬರಹವನ್ನು ಅಳಿಸುವುದು.

ಇಸ್ತ್ರಿ ಪೆಟ್ಟಿಗೆಯ ಕಾಲದಲ್ಲಿ ಅದರಿಂದ ದೊಡ್ಡ ಅನಾಹುತವೇನೂ ಆಗುತ್ತಿರಲಿಲ್ಲ. ನಾಲ್ಕು ಅಂಗಿಗಳ ಇಸ್ತ್ರಿ ಹತ್ತು ನಿಮಿಷದ ಮಾತು; ಅಷ್ಟರಲ್ಲೇ ಪೆಟ್ಟಿಗೆ ತಾನಾಗಿ ಹಲವು ಸಲ ಆರಿ ಹೊತ್ತಿಕೊಳ್ಳುತ್ತದೆ. ನೀರು ಕಾಯಿಸುವ ಗೀಸರು ಮೂರು ಕಿಲೋವಾಟಿನದಾದರೂ ಕಾಲು ಗಂಟೆಯಲ್ಲಿ ಅದರ ಕೆಲಸ ಮುಗಿಯುತ್ತದೆ. ಕಾರಿನ ಮಾತು ಬೇರೆ. ಮನೆಯ ಸಾಕೆಟ್ಟಿನಿಂದ ವಿದ್ಯುತ್ತು ತುಂಬಿಸಿಕೊಳ್ಳುವ ಕಾರು ಸುಮಾರು ಮೂರೂಕಾಲು ಕಿಲೋವಾಟನ್ನು, ಅಂದರೆ 14 – 15 ಆಂಪಿಯರನ್ನು, ಒಂದೇ ಸಮನೆ ಎಂಟು ಗಂಟೆ ಕಾಲ ಎಳೆಯುತ್ತದೆ. ಅದೂ ಮನೆಯವರೆಲ್ಲ ನಿದ್ರಿಸುತ್ತಿರುವ ಹೊತ್ತಿನಲ್ಲಿ. ತಂತಿಯಲ್ಲಿ, ಪಿನ್ನಿನಲ್ಲಿ ಹುಟ್ಟುವ ಶಾಖವು ಪ್ರವಾಹದ ವರ್ಗಕ್ಕೆ ಅನುಗುಣವಾಗಿ ಏರುತ್ತದೆಂಬುದನ್ನು ಶಾಲೆಯಲ್ಲಿ ಓದಿದ್ದೇವೆ. 6 ಆಂಪಿಯರಿಗೆ ತಕ್ಕ ಪಿನ್ನಿನಲ್ಲಿ 15 ಆಂಪಿಯರ್ ಹರಿದರೆ ಶಾಖ ಎರಡೂವರೆ ಪಟ್ಟಲ್ಲ, ಆರು ಪಟ್ಟಿಗೂ ಮಿಕ್ಕು. ಶಾಖದಿಂದ ಸಾಕೆಟ್ಟಿನೊಳಗಣ ಹಿತ್ತಾಳೆಯ ಹಿಡಿ ಸಡಿಲಗೊಳ್ಳುತ್ತದೆ. ಹಿಡಿ ಸಡಿಲಗೊಂಡರೆ ಅಲ್ಲಿನ ರೋಧ ಹೆಚ್ಚುತ್ತದೆ. ರೋಧ ಹೆಚ್ಚಿದಷ್ಟೂ ಶಾಖ ಹೆಚ್ಚುತ್ತದೆ. ಬಡ್ಡಿಗೆ ಬಡ್ಡಿ ಸೇರುವ ಸಾಲದಂತೆ ಇದು ರಾತ್ರಿಯಿಂದ ರಾತ್ರಿಗೆ ಬೆಳೆಯುತ್ತ ಹೋಗಿ ಒಂದು ದಿನ ಗೋಡೆಯ ಮೇಲೆ ಕಂದು ಕಲೆಯಾಗಿ ಕಾಣಿಸಿಕೊಳ್ಳುತ್ತದೆ. ಆ ಕಲೆಯನ್ನು ಕಂಡವರು ಅಂದೇ ಎಚ್ಚೆತ್ತುಕೊಂಡರೆ ಬದುಕಿದರು.

ಬೆಂಗಳೂರಿನಲ್ಲಿ ತಯಾರಾದ ರೇವಾ ಎಂಬ ಪುಟ್ಟ ಕಾರು 2001ರಲ್ಲಿ ರಸ್ತೆಗಿಳಿದಾಗ ಅದಕ್ಕೆ ಬೇಕಾಗಿದ್ದುದು ಮನೆಯ ಈ ದೊಡ್ಡ ಸಾಕೆಟ್ಟೇ. ಆಗ ಚಾರ್ಜಿಂಗ್ ಕನೆಕ್ಟರೆಂಬ ಮಾತನ್ನು ನಮ್ಮಲ್ಲಿ ಯಾರೂ ಆಡುತ್ತಿರಲಿಲ್ಲ. ಈಗ ಆ ಹೆಸರಿನ ದೊಡ್ಡ ವಂಶವೃಕ್ಷವೇ ಬೆಳೆದು ನಿಂತಿದೆ. ಅದರ ಎಲ್ಲ ಕೊಂಬೆಗಳನ್ನೂ ಹತ್ತಿ ಇಳಿಯುವ ಉದ್ದೇಶ ನನಗಿಲ್ಲ. ನಮ್ಮ ಕಾರುಗಳಲ್ಲಿ ಇಂದು ಸಾಮಾನ್ಯವಾಗಿರುವ ಟೈಪ್ ಟೂ ಎಂಬುದನ್ನು ಚೆನ್ನಾಗಿ ತಿಳಿದುಕೊಂಡರೆ ಉಳಿದವುಗಳ ಮರ್ಮ ತಾನಾಗಿ ತಿಳಿಯುತ್ತದೆ.

ಬಾನುಲಿಯಲ್ಲಿ ಚಿತ್ರ ಬಿಡಿಸಿ ತೋರಿಸಲು ಬಾರದು. ಆದ್ದರಿಂದ ಒಂದು ಚಿಕ್ಕ ತಟ್ಟೆಯನ್ನು ಮನಸ್ಸಿಗೆ ತಂದುಕೊಳ್ಳಿ. ಅದರ ಮೇಲಂಚನ್ನು ಚಪ್ಪಟೆಯಾಗಿ ಕತ್ತರಿಸಿದೆಯೆಂದು ಭಾವಿಸಿ. ಅದರಲ್ಲಿ ಏಳು ಸಂಪರ್ಕಗಳು. ಐದು ದಪ್ಪನೆಯವು, ಎರಡು ಸಣ್ಣವು. ದಪ್ಪನೆಯ ಐದರಲ್ಲಿ ನಟ್ಟನಡುವಿನದು ಭೂಮಿಗೆ ಸೇರುವ ಅರ್ಥ್. ಉಳಿದ ನಾಲ್ಕು ಮೂರು ಫೇಸುಗಳು ಮತ್ತು ನ್ಯೂಟ್ರಲ್. ಕಾರಿಗೆ ವಿದ್ಯುತ್ತನ್ನು ಹೊತ್ತು ತರುವವು ಇವೇ. ಹಾಗಾದರೆ ಆ ಎರಡು ಸಣ್ಣ ಪಿನ್ನುಗಳು ಯಾತಕ್ಕೆ? ಅವು ವಿದ್ಯುತ್ತನ್ನು ತರುವುದಿಲ್ಲ, ಮಾತನ್ನು ತರುತ್ತವೆ. ಮನೆಯ ಪ್ಲಗ್ಗಿಗೂ ಕಾರಿನ ಪ್ಲಗ್ಗಿಗೂ ಇರುವ ಅಂತರವೆಲ್ಲ ಈ ಎರಡು ಸಣ್ಣ ಪಿನ್ನುಗಳಲ್ಲಿದೆ.

ಮನೆಯ ಸಾಕೆಟ್ಟು ಸ್ವಿಚ್ಚು ಹಾಕಿದೊಡನೆ ಜೀವಂತವಾಗಿರುತ್ತದೆ. ಅದರೊಳಗೆ ಪ್ಲಗ್ಗು ಬಂದಿತೆ, ಮಗುವಿನ ಕೈಯ ಹೇರ್‌ಪಿನ್ನು ಬಂದಿತೆ ಎಂಬ ವಿವೇಚನೆ ಅದಕ್ಕಿಲ್ಲ. ಕಾರಿನ ಚಾರ್ಜರು ಹಾಗಲ್ಲ. ಕೈಯಲ್ಲಿ ಹಿಡಿದ ಅದರ ಮೂತಿಯಲ್ಲಿ, ನಮ್ಮವರು ಅದನ್ನು ಗನ್ ಎಂದು ಕರೆಯುತ್ತಾರೆ, ವಾಹನ ಸಿಕ್ಕುವವರೆಗೆ ವಿದ್ಯುತ್ತೇ ಇರುವುದಿಲ್ಲ. ಪೈಲಟ್ ಎಂದು ಹೆಸರಾದ ಒಂದು ಸಣ್ಣ ಪಿನ್ನಿನಲ್ಲಿ ಮಾತ್ರ 12 ವೋಲ್ಟಿನಷ್ಟು ಅಲ್ಪ ಒತ್ತಡವಿರುತ್ತದೆ. ಗನ್ನನ್ನು ಕಾರಿಗೆ ಸೇರಿಸಿದಾಗ ಕಾರಿನೊಳಗಿರುವ ಒಂದು ರೋಧಕ ಆ 12ನ್ನು 9ಕ್ಕೆ ಇಳಿಸುತ್ತದೆ. ಯಾರೋ ಬಂದಿದ್ದಾರೆಂದು ಚಾರ್ಜರಿಗೆ ಆಗ ತಿಳಿಯಿತು. ಕೂಡಲೆ ಅದು ಸೆಕೆಂಡಿಗೆ ಸಾವಿರ ಸಲ ಮಿಡಿಯತೊಡಗುತ್ತದೆ. ಆ ಮಿಡಿತದ ಅಗಲದಲ್ಲಿ ಒಂದು ಸಂದೇಶವಿದೆ. ಪ್ರತಿ ಮಿಡಿತದ ನೂರು ಪಾಲಿನಲ್ಲಿ ಹತ್ತು ಪಾಲು ಮಾತ್ರ ಮೇಲಿದ್ದರೆ, ನನ್ನಲ್ಲಿ 6 ಆಂಪಿಯರ್ ಮಾತ್ರ ಇದೆ ಎಂದರ್ಥ. ಐವತ್ತಮೂರು ಪಾಲು ಮೇಲಿದ್ದರೆ 32 ಆಂಪಿಯರ್ ತೆಗೆದುಕೊಳ್ಳಬಹುದೆಂದರ್ಥ. ಕಾರು ಇದನ್ನು ಕೇಳಿಸಿಕೊಂಡು, ತನ್ನ ಒಳಗೆ ಎಲ್ಲವೂ ಸರಿಯಾಗಿದ್ದರೆ, ಇನ್ನೊಂದು ರೋಧಕವನ್ನು ಜೋಡಿಸಿ 9 ವೋಲ್ಟನ್ನು 6ಕ್ಕೆ ಇಳಿಸುತ್ತದೆ. ನಾನು ಸಿದ್ಧ ಎಂಬುದು ಅದರ ಅರ್ಥ. ಆಮೇಲೆಯೇ ಚಾರ್ಜರಿನ ಒಳಗಿನ ಸ್ವಿಚ್ಚು ಟಕ್ಕೆಂದು ಬಿದ್ದು ವಿದ್ಯುತ್ತು ಹರಿಯುತ್ತದೆ. ಕಾರಿನ ಹತ್ತಿರ ನಿಂತವರಿಗೆ ಆ ಟಕ್ಕೆಂಬ ಸದ್ದು ಕೇಳಿಸುತ್ತದೆ.

ಇನ್ನೂ ಒಂದು ಸೂಕ್ಷ್ಮವಿದೆ. ಆ ಮಿಡಿತ ಮೇಲಕ್ಕೂ ಕೆಳಕ್ಕೂ, ಧನಕ್ಕೂ ಋಣಕ್ಕೂ ತೂಗುತ್ತದೆ. ಕಾರಿನೊಳಗೆ ಒಂದು ಡಯೋಡು ಇದ್ದು, ಧನಭಾಗದ ಒತ್ತಡವನ್ನು ಮಾತ್ರ ಇಳಿಸಿ ಋಣಭಾಗವನ್ನು ಇದ್ದಂತೆಯೇ ಬಿಡುತ್ತದೆ. ಒದ್ದೆ ಬೆರಳಾಗಲಿ ಒಳಗೆ ಸೇರಿದ ಮಳೆನೀರಾಗಲಿ ಎರಡೂ ಭಾಗಗಳನ್ನು ಒಂದೇ ರೀತಿ ಇಳಿಸುತ್ತವೆ. ಹೀಗೆ ಚಾರ್ಜರಿಗೆ ಕಾರು ಯಾವುದು, ನೀರು ಯಾವುದು ಎಂಬ ಭೇದ ತಿಳಿಯುತ್ತದೆ. ಕೆಲವೇ ಪೈಸೆ ಬೆಲೆಯ ಈ ಡಯೋಡಿಗೆ ವಹಿಸಿರುವ ಹೊಣೆಯನ್ನು ನೆನೆದರೆ ನನಗೆ ಬೆರಗಾಗುತ್ತದೆ.

ಪಿನ್ನುಗಳ ಉದ್ದದಲ್ಲಿಯೂ ಕ್ರಮವಿದೆ. ಒಳಕ್ಕೆ ಹೋಗುವಾಗ ಎಲ್ಲಕ್ಕಿಂತ ಮೊದಲು ಸೇರುವುದು ಅರ್ಥ್, ಎಲ್ಲಕ್ಕಿಂತ ಕೊನೆಗೆ ಪೈಲಟ್. ಹೊರಕ್ಕೆ ಎಳೆಯುವಾಗ ಪೈಲಟ್ ಮೊದಲು ಬಿಡುತ್ತದೆ. ಅದು ಬಿಟ್ಟೊಡನೆ ಚಾರ್ಜರು ವಿದ್ಯುತ್ತನ್ನು ನಿಲ್ಲಿಸುತ್ತದೆ. ದಪ್ಪ ಪಿನ್ನುಗಳು ಅಗಲುವ ಹೊತ್ತಿಗೆ ಅವುಗಳಲ್ಲಿ ಪ್ರವಾಹವಿರುವುದಿಲ್ಲ. ನಮ್ಮ ಮನೆಯ ಪ್ಲಗ್ಗಿನಲ್ಲಿಯೂ ಅರ್ಥ್ ಪಿನ್ನು ಉಳಿದೆರಡಕ್ಕಿಂತ ಉದ್ದವಾಗಿರುವುದನ್ನು ನೀವು ನೋಡಿರಬಹುದು. ಅಲ್ಲಿಯೂ ಇದೇ ವಿವೇಕ. ಕೊನೆಗೆ ಆ ಇನ್ನೊಂದು ಸಣ್ಣ ಪಿನ್ನು: ಅದರ ಹಿಂದೆ ಕೇಬಲ್ಲಿನಲ್ಲೇ ಅಡಗಿಸಿದ ಒಂದು ರೋಧಕ, ಈ ಕೇಬಲ್ಲು ಎಷ್ಟು ಆಂಪಿಯರಿನದೆಂದು ಹೇಳುತ್ತದೆ. 680 ಓಮ್ ಇದ್ದರೆ 20 ಆಂಪಿಯರ್, 220 ಓಮ್ ಇದ್ದರೆ 32. ಚಾರ್ಜರು, ಕೇಬಲ್ಲು, ಕಾರು ಈ ಮೂವರಲ್ಲಿ ಯಾರು ದುರ್ಬಲರೋ ಅವರ ಶಕ್ತಿಗೆ ತಕ್ಕಂತೆ ಉಳಿದಿಬ್ಬರು ನಡೆದುಕೊಳ್ಳುತ್ತಾರೆ. ಮನುಷ್ಯರ ಸಂಸಾರಗಳಲ್ಲಿ ಇಂಥ ಒಪ್ಪಂದ ಅಪರೂಪ.

ಇಷ್ಟು ಅಚ್ಚುಕಟ್ಟಾದ ಏರ್ಪಾಟು ಇದ್ದ ಮೇಲೆ ಲೋಕಕ್ಕೆಲ್ಲ ಒಂದೇ ಕನೆಕ್ಟರು ಸಾಕಿತ್ತಲ್ಲವೆ? ಹಾಗಾಗಲಿಲ್ಲ. ಜರ್ಮನಿಯಿಂದ ಬಂದ ಟೈಪ್ ಟೂವನ್ನು ಯುರೋಪಿನ ಒಕ್ಕೂಟ 2014ರಲ್ಲಿ ತನ್ನದೆಂದು ಸ್ವೀಕರಿಸಿತು. ಅದಕ್ಕೆ ಮುಂಚೆ ಫ್ರೆಂಚರೂ ಇಟಲಿಯವರೂ ಮುಚ್ಚಳದ ರಕ್ಷಣೆಯುಳ್ಳ ತಮ್ಮದೇ ಒಂದನ್ನು ಮುಂದಿಟ್ಟು ಸಾಕಷ್ಟು ಕಾಲ ವಾದಿಸಿದರು. ಅಮೆರಿಕದವರದು ಒಂದೇ ಫೇಸಿನ, ಐದು ಪಿನ್ನಿನ ಟೈಪ್ ಒನ್. ಚೀನಾದ್ದು ಬೇರೆಯೇ. ವೇಗವಾಗಿ ತುಂಬುವ ನೇರ ಪ್ರವಾಹಕ್ಕಾಗಿ ಜಪಾನಿನವರು 2010ರಲ್ಲಿ ಸಂಘ ಕಟ್ಟಿಕೊಂಡು ತಮ್ಮ ಕನೆಕ್ಟರಿಗೆ ಚಾಡೆಮೊ ಎಂದು ಹೆಸರಿಟ್ಟರು. ಚಹ ಏನಾದರೂ ಕುಡಿಯೋಣವೆ ಎಂಬ ಜಪಾನೀ ಮಾತಿನ ಧ್ವನಿ ಆ ಹೆಸರಿನಲ್ಲಿದೆಯಂತೆ. ಕಾರು ತುಂಬಿಕೊಳ್ಳುವಷ್ಟು ಹೊತ್ತಿನಲ್ಲಿ ಒಂದು ಬಟ್ಟಲು ಚಹ ಮುಗಿಯುತ್ತದೆಂಬ ಭರವಸೆ ಅದು. ಹೆಸರಿಡುವುದರಲ್ಲಿ ಅವರಷ್ಟು ರಸಿಕರು ಈ ಕ್ಷೇತ್ರದಲ್ಲಿ ಇನ್ನಾರೂ ಇಲ್ಲ. ಆದರೆ ಜಪಾನಿನ ಹೊರಗೆ ಅವರ ಕನೆಕ್ಟರು ಹಿಂದೆ ಸರಿಯುತ್ತಿದೆ. ಯುರೋಪು, ಅಮೆರಿಕಗಳು ತಮ್ಮ ತಮ್ಮ ಹಳೆಯ ಕನೆಕ್ಟರಿನ ಕೆಳಗೆ ಎರಡು ದಪ್ಪ ಪಿನ್ನುಗಳನ್ನು ಸೇರಿಸಿ ಸಿಸಿಎಸ್ ಎಂಬ ಸಂಯುಕ್ತ ರೂಪವನ್ನು ಮಾಡಿಕೊಂಡವು. ಟೆಸ್ಲಾ ಕಂಪನಿ ಅಮೆರಿಕದಲ್ಲಿ ತನ್ನದೇ ಸಣ್ಣ ಕನೆಕ್ಟರನ್ನು ಕಾಯ್ದುಕೊಂಡು ಬಂದಿದ್ದು, 2022ರ ನವೆಂಬರಿನಲ್ಲಿ ಅದರ ವಿನ್ಯಾಸವನ್ನು ಎಲ್ಲರಿಗೂ ತೆರೆದಿಟ್ಟಿತು. 2023ರಲ್ಲಿ ಫೋರ್ಡ್, ಜನರಲ್ ಮೋಟರ್ಸ್ ಒಂದರ ಹಿಂದೊಂದರಂತೆ ಅತ್ತ ವಾಲಿದವು. ಅದೇ ಟೆಸ್ಲಾ ಯುರೋಪಿನಲ್ಲಿ ಮಾರುವ ಕಾರುಗಳಿಗೆ ಯುರೋಪಿನ ಕನೆಕ್ಟರನ್ನೇ ಇಡುತ್ತದೆ. ಪರದೇಶದಲ್ಲಿ ಪರಭಾಷೆ ಕಲಿಯಲೇಬೇಕಲ್ಲ.

ನಾವು ಭಾರತೀಯರು 2017ರಲ್ಲಿ ಎರಡು ಬಗೆಯ ಭಾರತ್ ಚಾರ್ಜರುಗಳನ್ನು ಗೊತ್ತುಮಾಡಿಕೊಂಡೆವು. ಒಂದು ಕಾರ್ಖಾನೆಗಳಲ್ಲಿ ಕಾಣುವ ನೀಲಿ ಬಣ್ಣದ ದುಂಡು ಪ್ಲಗ್ಗಿನದು; 3.3 ಕಿಲೋವಾಟ್. ಇನ್ನೊಂದು ಚೀನೀ ಮಾದರಿಯ ಕನೆಕ್ಟರಿನದು. ನೂರು ವೋಲ್ಟಿನೊಳಗಿನ ಬ್ಯಾಟರಿಗಳಿಗೆ 15 ಕಿಲೋವಾಟ್. ಬೇಗನೆ ಇನ್ನೂ ಹೆಚ್ಚಿನ ವೋಲ್ಟೇಜಿನ ಕಾರುಗಳು ಬಂದುಬಿಟ್ಟವು. ಅವು ಯುರೋಪಿನ ದಾರಿ ಹಿಡಿದವು. ಹೀಗೆ ಕೆಲವೇ ವರ್ಷಗಳ ಅಂತರದಲ್ಲಿ ಒಂದೇ ಊರಿನಲ್ಲಿ ಮೂರು ನಾಲ್ಕು ಬಗೆಯ ಬಾಯಿಗಳೂ ಮೂರು ನಾಲ್ಕು ಬಗೆಯ ತುತ್ತುಗಳೂ ಆದವು. ಅಡಾಪ್ಟರು ಹುಟ್ಟಿದ್ದು ಈ ಗೊಂದಲದಲ್ಲಿ.

ಎಲ್ಲ ಅಡಾಪ್ಟರುಗಳೂ ಕೆಟ್ಟವೆಂದು ನನ್ನ ಅಭಿಪ್ರಾಯವಲ್ಲ. ಅಮೆರಿಕದ ಟೈಪ್ ಒನ್ ಗನ್ನಿನಿಂದ ಟೆಸ್ಲಾ ಕಾರಿಗೆ ಮನೆಯ ಪರ್ಯಾಯ ಪ್ರವಾಹವನ್ನು ಕೊಡುವ ಅಡಾಪ್ಟರು ಸರಳವಾದದ್ದು, ಸಾಧುವಾದದ್ದು. ಎರಡೂ ಕಡೆಯವರು ಆಡುವುದು ಅದೇ ಪೈಲಟ್ ಭಾಷೆಯನ್ನೇ. ಅಡಾಪ್ಟರು ಪಿನ್ನಿನಿಂದ ಪಿನ್ನಿಗೆ ಆ ಮಾತನ್ನು ದಾಟಿಸಿದರೆ ಸಾಕು. ಚಾಡೆಮೊ ಕಾರನ್ನು ಸಿಸಿಎಸ್ ಚಾರ್ಜರಿಗೆ ಸೇರಿಸುವುದು ಹೀಗಲ್ಲ. ಅವರಿಬ್ಬರ ಭಾಷೆಗಳೇ ಬೇರೆ. ಅಲ್ಲಿ ಅಡಾಪ್ಟರು ದುಭಾಷಿಯಾಗಬೇಕು. ಅದರೊಳಗೆ ಗಣಕಯಂತ್ರದ ಬುದ್ಧಿ ಇರಬೇಕು, ಆ ಬುದ್ಧಿಗೆ ಶಕ್ತಿ ಕೊಡಲು ಚಿಕ್ಕದೊಂದು ಬ್ಯಾಟರಿಯೂ ಇರಬೇಕು. ದುಭಾಷಿ ಒಂದು ಮಾತನ್ನು ತಪ್ಪಾಗಿ ದಾಟಿಸಿದರೆ ನಡುವೆ ಇರುವುದು ನಾಲ್ಕು ನೂರು ವೋಲ್ಟ್.

ನಮ್ಮ ಬೀದಿಗಳಲ್ಲಿ ಈಗ ಕಾಣಿಸಿಕೊಂಡಿರುವ ಮೂರನೆಯದೊಂದು ಜಾತಿಯುಂಟು. ಅದರ ಬಗ್ಗೆ ನಿಧಾನವಾಗಿ ಹೇಳಬೇಕು. ಒಂದು ಕಡೆ ಕಾರಿನ ಬಾಯಿಯಂತೆ ಟೈಪ್ ಟೂ, ಇನ್ನೊಂದು ಕಡೆ ನಮ್ಮ 16 ಆಂಪಿಯರಿನ ಸಾಕೆಟ್ಟು. ಸ್ಕೂಟರಿನವರು ಇದನ್ನು ಚೀಲದಲ್ಲಿಟ್ಟುಕೊಂಡು ಓಡಾಡುತ್ತಾರೆ. ಕಾರುಗಳಿಗೆಂದು ಇಟ್ಟ ಚಾರ್ಜರಿನ ಗನ್ನನ್ನು ಇದಕ್ಕೆ ಸಿಕ್ಕಿಸಿ, ತಮ್ಮ ಸ್ಕೂಟರಿನ ಮೂರು ಪಿನ್ನಿನ ಪ್ಲಗ್ಗನ್ನು ಆ ಕಡೆಗೆ ಚುಚ್ಚುತ್ತಾರೆ. ಚಾರ್ಜರು ವಾಹನವನ್ನು ಕಾಣದೆ ವಿದ್ಯುತ್ತು ಬಿಡುವುದಿಲ್ಲವೆಂದು ಈಗಷ್ಟೇ ಹೇಳಿದೆನಲ್ಲ. ಹಾಗಾದರೆ ಇಲ್ಲಿ ಹೇಗೆ ಬಿಡುತ್ತದೆ? ಆ ತುಂಡಿನೊಳಗೆ ಒಂದು ಡಯೋಡನ್ನೂ ರೋಧಕವನ್ನೂ ಶಾಶ್ವತವಾಗಿ ಬೆಸೆದಿಟ್ಟಿರುತ್ತಾರೆ. 12 ವೋಲ್ಟು 9ಕ್ಕೆ ಇಳಿದು, ಆಮೇಲೆ ವಿಚಾರ ಮಾಡಿ 6ಕ್ಕೆ ಇಳಿಯುವ ಕ್ರಮವೆಲ್ಲ ಇಲ್ಲ, ಸಿಕ್ಕಿಸಿದೊಡನೆ 6. ನಾನೊಂದು ಕಾರು, ನಾನು ಸಿದ್ಧನಾಗಿದ್ದೇನೆ ಎಂದು ಆ ತುಂಡು ಸುಳ್ಳು ಹೇಳುತ್ತದೆ. ಚಾರ್ಜರು ಪಾಪ ನಂಬುತ್ತದೆ.

ಆ ಸುಳ್ಳಿನ ಫಲವನ್ನು ಯೋಚಿಸಿ ನೋಡಿ. ಸ್ಕೂಟರಿನ ಪ್ಲಗ್ಗು ಇನ್ನೂ ಬಂದಿರದಿದ್ದರೂ ಆ ಸಾಕೆಟ್ಟಿನ ತೂತುಗಳಲ್ಲಿ 230 ವೋಲ್ಟು ಕಾದು ಕುಳಿತಿರುತ್ತದೆ. ಬಯಲಿನಲ್ಲಿ, ಕೆಲವೊಮ್ಮೆ ಮಳೆಯಲ್ಲಿ. ಚಾರ್ಜರು 32 ಆಂಪಿಯರ್ ತೆಗೆದುಕೊಳ್ಳಬಹುದೆಂದು ಮಿಡಿಯುತ್ತಿದ್ದರೂ ಅದನ್ನು ಕೇಳಿಸಿಕೊಳ್ಳುವವರು ಆ ಕಡೆ ಯಾರೂ ಇಲ್ಲ. ಒಂದು ಸ್ಕೂಟರು ನಾಲ್ಕೈದು ಆಂಪಿಯರನ್ನಷ್ಟೇ ಎಳೆಯುವುದರಿಂದ ಮಾಮೂಲು ದಿನಗಳಲ್ಲಿ ಏನೂ ಆಗುವುದಿಲ್ಲ, ನಿಜ. ಆದರೆ ಅದಕ್ಕೆ ಎಕ್ಸ್‌ಟೆನ್ಷನ್ ಪೆಟ್ಟಿಗೆಯೊಂದನ್ನು ತಗುಲಿಸಿ ಗೆಳೆಯರ ಸ್ಕೂಟರುಗಳನ್ನೂ ಸೇರಿಸಿದರೆ? ಪ್ಲಗ್ಗಿನ ಬಳಿ ತಂತಿಯ ಹೊದಿಕೆ ಸವೆದಿದ್ದರೆ? ಚಾರ್ಜರಿನೊಳಗಿನ ರಕ್ಷಕ 32 ಆಂಪಿಯರಿನ ಕಾವಲುಗಾರ. 25 ಆಂಪಿಯರ್ ಹರಿದು ಆ ಸಾಕೆಟ್ಟು ಕರಗುತ್ತಿದ್ದರೂ ಅವನ ಲೆಕ್ಕದಲ್ಲಿ ಎಲ್ಲವೂ ಕ್ಷೇಮ. ತಯಾರಿಸಿದವನು ಆ ತುಂಡಿನಲ್ಲಿಯೇ 16 ಆಂಪಿಯರಿನ ಒಂದು ಎಂಸಿಬಿಯನ್ನೂ, ನೀರು ಹೋಗದ ಮುಚ್ಚಳವನ್ನೂ ಇಟ್ಟಿದ್ದರೆ ಅಪಾಯ ಬಹುಮಟ್ಟಿಗೆ ತಗ್ಗುತ್ತದೆ. ಕೊಳ್ಳುವವರು ನೋಡಬೇಕಾದ ಮೊದಲ ಸಂಗತಿ ಇದು.

ಹೀಗೆ ಹೇಳುವಾಗ ಆ ತುಂಡನ್ನು ಬಳಸುವವರನ್ನು ಹೀಯಾಳಿಸಲು ನನಗೆ ಮನಸ್ಸಿಲ್ಲ. ಊಟದ ಪೊಟ್ಟಣಗಳನ್ನು ಮನೆಮನೆಗೆ ಮುಟ್ಟಿಸುವ ಹುಡುಗರು ಬಾಡಿಗೆಯ ಕೋಣೆಗಳಲ್ಲಿ, ಮೂರನೆಯ ನಾಲ್ಕನೆಯ ಮಹಡಿಗಳಲ್ಲಿ ವಾಸಿಸುವವರು. ಅವರಿಗೆ ತಮ್ಮದೆಂಬ ಸಾಕೆಟ್ಟಿಲ್ಲ. ಅವರ ಪಾಲಿಗೆ ಆ ತುಂಡು ದಿನದ ಸಂಪಾದನೆ. ಸ್ಕೂಟರು ನಿಲ್ಲುವ ಜಾಗದಲ್ಲೆಲ್ಲ ಸ್ಕೂಟರಿಗೆ ಹೊಂದುವ ಪ್ಲಗ್ಗು ಇದ್ದಿದ್ದರೆ ಅವರೇಕೆ ಸುಳ್ಳು ಹೇಳುವ ಸಾಧನವನ್ನು ಕೊಳ್ಳುತ್ತಿದ್ದರು? ಈ ದಿಕ್ಕಿನಲ್ಲಿ ಒಂದು ಒಳ್ಳೆಯ ಕೆಲಸ ನಡೆದಿದೆ. ಬೆಂಗಳೂರಿನ ಏಥರ್ ಕಂಪನಿ ತನ್ನ ಸ್ಕೂಟರುಗಳಿಗಾಗಿ ರೂಪಿಸಿದ್ದ ಕನೆಕ್ಟರು, ಹಗುರ ವಾಹನಗಳಿಗೆ ಪರ್ಯಾಯ ಪ್ರವಾಹ, ನೇರ ಪ್ರವಾಹ ಎರಡನ್ನೂ ಒಂದೇ ಬಾಯಿಯಿಂದ ಕೊಡುವ ಭಾರತೀಯ ಮಾನಕವಾಗಿ 2023ರಲ್ಲಿ ಮಾನ್ಯವಾಯಿತು. ಆದರೆ ಎಲ್ಲ ತಯಾರಕರೂ ಅದನ್ನು ಒಪ್ಪಿಕೊಂಡಿಲ್ಲ. ಒಂದೊಂದು ಸ್ಕೂಟರಿನ ಬಾಯಿ ಇಂದಿಗೂ ಒಂದೊಂದು ತೆರನಾಗಿದೆ. ಈ ವಿಷಯದಲ್ಲಿ ತಯಾರಕರಿಗೆ ಇರುವ ಅಭಿಮಾನ ಗ್ರಾಹಕರ ಹಿತಕ್ಕಿಂತ ದೊಡ್ಡದೆಂದು ನನಗನ್ನಿಸುತ್ತದೆ.

ವೇಗದ ಚಾರ್ಜರಿನ ಅಡಾಪ್ಟರುಗಳ ವಿಷಯಕ್ಕೆ ಬರುತ್ತೇನೆ. ಅಲ್ಲಿ ಪ್ರವಾಹ ನೂರಾರು ಆಂಪಿಯರ್. ಎರಡು ಲೋಹಗಳು ಕೂಡುವಲ್ಲಿ ಒಂದು ಓಮಿನ ಸಾವಿರದ ಒಂದು ಪಾಲಿನಷ್ಟು ಮಾತ್ರ ರೋಧವಿದೆಯೆಂದು ಇಟ್ಟುಕೊಳ್ಳಿ. 200 ಆಂಪಿಯರ್ ಹರಿದರೆ ಆ ಬಿಂದುವಿನಲ್ಲಿ 40 ವಾಟ್ ಶಾಖ. ರೇಡಿಯೊ ರಿಪೇರಿಯವರ ಬೆಸುಗೆ ಕಡ್ಡಿ 25 ವಾಟಿನಲ್ಲೇ ಸೀಸ ಕರಗಿಸುತ್ತದೆ. ಪ್ರವಾಹ 400 ಆದರೆ ಶಾಖ 160 ವಾಟ್. ಇದಕ್ಕಾಗಿಯೇ ಗನ್ನಿನಲ್ಲೂ ಕಾರಿನ ಬಾಯಲ್ಲೂ ಶಾಖವನ್ನು ಅಳೆಯುವ ಸಂವೇದಕಗಳನ್ನು ಇಟ್ಟಿರುತ್ತಾರೆ. ಬಿಸಿ ಏರಿದರೆ ಅವು ಪ್ರವಾಹವನ್ನು ತಗ್ಗಿಸುತ್ತವೆ. ಅಡಾಪ್ಟರು ನಡುವೆ ಬಂದಾಗ ಒಂದು ಕೂಡುವಿಕೆಯ ಬದಲು ಎರಡಾಗುತ್ತವೆ, ಮತ್ತು ಅತಿ ಹೆಚ್ಚು ಬಿಸಿಯಾಗುವ ಜಾಗ ಎರಡು ಸಂವೇದಕಗಳ ನಡುವೆ, ಇಬ್ಬರ ಕಣ್ಣಿಗೂ ಬೀಳದೆ ಅಡಗಿಬಿಡಬಹುದು. ಅವರಿಗೆ ಸುದ್ದಿ ಮುಟ್ಟುವುದು ತಡವಾಗುತ್ತದೆ. ಸರಿಯಾಗಿ ಮಾಡಿದ ಅಡಾಪ್ಟರಿನಲ್ಲಿ ಅದರದೇ ಸಂವೇದಕವಿದ್ದು, ಮಿತಿ ಮೀರಿದರೆ ಆ ಸಣ್ಣ ಪಿನ್ನಿನ ಮಾತನ್ನು ಕತ್ತರಿಸುತ್ತದೆ. ಮಾತು ಕಡಿದರೆ ಪ್ರವಾಹವೂ ನಿಲ್ಲುತ್ತದೆ. ಅಗ್ಗದ ಅಡಾಪ್ಟರಿನಲ್ಲಿ ಇದನ್ನೇ ಬಿಟ್ಟುಬಿಡುತ್ತಾರೆ. ಹೊರಗಿನಿಂದ ನೋಡಿದರೆ ಎರಡೂ ಅವಳಿಗಳಂತೆ ಇರುತ್ತವೆ.

ಇನ್ನೊಂದು ಭಯ ಬೀಗದ್ದು. ನಮ್ಮ ಮನೆಯ ಪರ್ಯಾಯ ಪ್ರವಾಹ ಸೆಕೆಂಡಿಗೆ ನೂರು ಸಲ ಸೊನ್ನೆಗೆ ಇಳಿದು ಏರುತ್ತದೆ. ಸ್ವಿಚ್ಚು ತೆಗೆದಾಗ ಹುಟ್ಟುವ ಕಿಡಿ ಆ ಸೊನ್ನೆಯಲ್ಲಿ ಉಸಿರು ಕಟ್ಟಿ ಆರಿಹೋಗುತ್ತದೆ. ನೇರ ಪ್ರವಾಹಕ್ಕೆ ಸೊನ್ನೆಯೇ ಇಲ್ಲ. ನೂರಾರು ಆಂಪಿಯರ್ ಹರಿಯುತ್ತಿರುವಾಗ ಪಿನ್ನುಗಳನ್ನು ಬಿಡಿಸಿದರೆ ನಡುವಣ ಗಾಳಿಯೇ ಹೊತ್ತಿಕೊಂಡು ವಿದ್ಯುತ್ ಚಾಪವಾಗುತ್ತದೆ. ಅದರ ಉಷ್ಣತೆ ಸಾವಿರಾರು ಡಿಗ್ರಿ. ಆದ್ದರಿಂದಲೇ ವೇಗದ ಚಾರ್ಜಿಂಗಿನ ಹೊತ್ತಿನಲ್ಲಿ ಗನ್ನು ಹೊರಬಾರದಂತೆ ಬೀಗ ಬೀಳುತ್ತದೆ. ಟೆಸ್ಲಾದ ಗನ್ನಿಗೆ ತನ್ನದೆಂಬ ಕೊಕ್ಕೆಯಿಲ್ಲ. ಕಾರಿನ ಒಳಗಿನಿಂದ ಒಂದು ಕಡ್ಡಿ ಬಂದು ಅದನ್ನು ಹಿಡಿದಿಡುತ್ತದೆ. ಈಗ ಬೇರೊಂದು ಕಾರಿಗೆ ಅಡಾಪ್ಟರು ಹಾಕಿ ಆ ಗನ್ನನ್ನು ಸೇರಿಸಿದರೆ, ಕಾರು ಅಡಾಪ್ಟರಿಗೆ ಬೀಗ ಹಾಕಿತು ಸರಿ, ಗನ್ನಿಗೆ ಅಡಾಪ್ಟರಿನಲ್ಲಿ ಬೀಗ ಹಾಕುವವರು ಯಾರು? ಒಳ್ಳೆಯದರಲ್ಲಿ ಅದಕ್ಕೂ ಏರ್ಪಾಟು ಇರುತ್ತದೆ. ಇಲ್ಲದ್ದರಲ್ಲಿ, ಅವಸರದ ಮನುಷ್ಯನೊಬ್ಬ ಬಂದು ಎಳೆದರೆ ಗನ್ನು ಅವನ ಕೈಗೆ ಬಂದೇಬಿಡುತ್ತದೆ. ದೊಡ್ಡ ಕಂಪನಿಗಳೂ ಇದರಲ್ಲಿ ಎಡವದೆ ಇಲ್ಲ: ಫೋರ್ಡ್ ತಾನೇ ಹಂಚಿದ ಅಡಾಪ್ಟರುಗಳಲ್ಲಿ ಕೆಲವನ್ನು ಬಳಸಕೂಡದೆಂದು, ಬೇರೆ ಕೊಡುವುದಾಗಿ, 2024ರಲ್ಲಿ ತನ್ನ ಗ್ರಾಹಕರಿಗೆ ತಿಳಿಸಬೇಕಾಯಿತು. ಗನ್ನಿಗೂ ಕಾರಿಗೂ ನಡುವೆ, ಕಾರಿನ ಅಥವಾ ಚಾರ್ಜರಿನ ತಯಾರಕರು ಗೊತ್ತುಮಾಡಿ ಒಪ್ಪಿದ ಅಡಾಪ್ಟರನ್ನಲ್ಲದೆ ಬೇರೊಂದನ್ನು ಬಳಸಕೂಡದೆಂದು ಅಂತರರಾಷ್ಟ್ರೀಯ ಮಾನಕದಲ್ಲಿ ಹೇಳಿದೆ. ಎಕ್ಸ್‌ಟೆನ್ಷನ್ ಕೇಬಲ್ಲಿಗಂತೂ ಅಲ್ಲಿ ಸ್ಥಾನವೇ ಇಲ್ಲ.

ಇಷ್ಟೆಲ್ಲ ಹೇಳಿದರೂ, ನಮ್ಮ ಊರುಗಳಲ್ಲಿ ನನಗೆ ಎಲ್ಲಕ್ಕಿಂತ ಹೆಚ್ಚು ಭಯವಾಗುವುದು ಪೇಟೆಯಲ್ಲಿ ಕೊಂಡ ಅಡಾಪ್ಟರಿನದಲ್ಲ. ಕಣ್ಣಿಗೆ ಕಾಣದ ಒಂದು ತುಂಡು ತಂತಿಯದು. ನಮ್ಮ ನೆರೆಮನೆಯ ಹಿರಿಯರೊಬ್ಬರು ನಿವೃತ್ತಿಯ ಹಣದಲ್ಲಿ ವಿದ್ಯುತ್ ಕಾರು ಕೊಂಡರು. ಪೂಜೆ ಮಾಡಿ, ಚಕ್ರದಡಿ ನಿಂಬೆಹಣ್ಣು ಇಟ್ಟು, ಸಂಜೆ ಪ್ಲಗ್ಗು ಹಾಕಿದರೆ ಚಾರ್ಜರಿನಲ್ಲಿ ಕೆಂಪು ದೀಪ. ಕಾರಿನ ಜೊತೆ ಬರುವ ಚಾರ್ಜರು ಮೊದಲು ಅರ್ಥ್ ಇದೆಯೇ ಎಂದು ಪರೀಕ್ಷಿಸುತ್ತದೆ. ಇಲ್ಲದಿದ್ದರೆ ಕೆಲಸ ಮಾಡಲು ಒಪ್ಪುವುದಿಲ್ಲ. ಮೂವತ್ತು ವರ್ಷದ ಹಿಂದಿನ ಮನೆ. ಅರ್ಥಿನ ತಂತಿ ಎಂದೋ ತುಕ್ಕು ಹಿಡಿದು ಕಡಿದಿತ್ತು. ಎಲೆಕ್ಟ್ರಿಷಿಯನ್ ಬಂದ, ಸಾಕೆಟ್ಟು ಬಿಚ್ಚಿದ, ಹತ್ತು ನಿಮಿಷದಲ್ಲಿ ಹಸಿರು ದೀಪ ಬರಿಸಿದ.

“ಏನಪ್ಪಾ ಮಾಡ್ದೆ?” ಎಂದು ಕೇಳಿದೆ.

“ಏನಿಲ್ಲ ಸಾರ್, ನ್ಯೂಟ್ರಲ್‌ಗೂ ಅರ್ಥ್‌ಗೂ ಒಂದು ಲಿಂಕ್ ಕೊಟ್ಟೆ. ಎಲ್ಲಾರ ಮನೇಲೂ ಹೀಗೇ ಮಾಡೋದು.”

ಅವನು ಕೆಟ್ಟವನಲ್ಲ. ತನಗೆ ಗೊತ್ತಿದ್ದ ಉಪಕಾರವನ್ನೇ ಮಾಡಿದ್ದ. ಆದರೆ ಆ ಎರಡು ಅಂಗುಲದ ತಂತಿಯ ಅರ್ಥವನ್ನು ಬಿಡಿಸಿ ನೋಡಿ. ಅರ್ಥ್ ಪಿನ್ನು ಕಾರಿನ ಇಡೀ ಲೋಹದ ಮೈಗೆ ಸೇರಿದೆ. ಈಗ ಅದು ನ್ಯೂಟ್ರಲ್ಲಿಗೂ ಸೇರಿತು. ಎಲ್ಲ ಸರಿಯಾಗಿರುವವರೆಗೆ ನ್ಯೂಟ್ರಲ್ಲಿನಲ್ಲಿ ಹೆಚ್ಚು ಒತ್ತಡವಿಲ್ಲ. ಯಾರಿಗೂ ಏನೂ ತಿಳಿಯದು. ಗಾಳಿಮಳೆಯಲ್ಲಿ ಕಂಬದ ಬಳಿಯೋ, ಮೀಟರಿನ ಬಳಿಯೋ ನ್ಯೂಟ್ರಲ್ ತಂತಿ ಕಡಿದರೆ, ಮನೆಯಲ್ಲಿ ಉರಿಯುತ್ತಿರುವ ದೀಪ, ಓಡುತ್ತಿರುವ ಫ್ಯಾನುಗಳ ಮೂಲಕ ಫೇಸಿನ ಒತ್ತಡವೆಲ್ಲ ಆ ಲಿಂಕನ್ನು ದಾಟಿ ಕಾರಿನ ಮೈಮೇಲೆ ಬಂದು ಕೂರುತ್ತದೆ. ಅಂಗಳದಲ್ಲಿ ಬರಿಗಾಲಲ್ಲಿ ನಿಂತು ಬಾಗಿಲ ಹಿಡಿಗೆ ಕೈಹಾಕುವವರ ಗತಿಯೇನು? ಕೆಂಪು ದೀಪವೊಂದೇ ಆ ಮನೆಯಲ್ಲಿ ನಿಜ ಹೇಳುತ್ತಿತ್ತು. ಅದರ ಬಾಯಿಯನ್ನು ನಾವು ಮುಚ್ಚಿಸಿದ್ದೆವು.

ಆ ರಾತ್ರಿ ಲಿಂಕನ್ನು ತೆಗೆಸಲು ನಾನು ಸ್ವಲ್ಪ ಜಗಳವನ್ನೇ ಆಡಬೇಕಾಯಿತು. ಹೊಸ ಕಾರು ಎರಡು ದಿನ ತುಂಬದೆ ನಿಂತುಬಿಟ್ಟಿತೆಂದು ಅವರಿಗೆ ಬೇಸರ. ಮೂರನೆಯ ದಿನ ಕಾಂಪೌಂಡಿನ ಮೂಲೆಯಲ್ಲಿ ಗುಂಡಿ ತೋಡಿಸಿ, ಕೊಳವೆ ಇಳಿಸಿ, ಸುತ್ತ ಇದ್ದಿಲು ಉಪ್ಪು ತುಂಬಿ, ಅಲ್ಲಿಂದ ಸಾಕೆಟ್ಟಿಗೆ ತಾಮ್ರದ ತಂತಿ ಎಳೆಸಿದೆವು. ಮೀಟರಿನ ಹಲಗೆಯಿಂದ ಕಾರಿಗೆಂದೇ ಬೇರೆ ಲೈನು, 4 ಚದರ ಮಿಲಿಮೀಟರಿನ ತಂತಿ, ಅದಕ್ಕೆ ತನ್ನದೇ ಎಂಸಿಬಿ. ಜೊತೆಗೆ 30 ಮಿಲಿಆಂಪಿಯರ್ ಸೋರಿದರೂ ಕಡಿದುಹಾಕುವ ರಕ್ಷಕ. ಅದೇ ಎಲೆಕ್ಟ್ರಿಷಿಯನ್‌ನೇ ಮಾಡಿದ; ಅಚ್ಚುಕಟ್ಟಾಗಿಯೇ ಮಾಡಿದ. ಮತ್ತೆ ಪ್ಲಗ್ಗು ಹಾಕಿದಾಗ ಯಾರ ಸಹಾಯವೂ ಇಲ್ಲದೆ ಹಸಿರು ದೀಪ ಬಂದಿತು.

ಆ ಗುಂಡಿ ಬೇಸಗೆಯಲ್ಲಿ ಒಣಗಬಾರದು. ಮಣ್ಣು ಒಣಗಿದರೆ ಅದರ ರೋಧ ಏರುತ್ತದೆ. ಅದನ್ನು ನೆನಪಿಟ್ಟುಕೊಳ್ಳುವ ಹೊಣೆಯನ್ನು ಆ ಮನೆಯ ಹಿರಿಯಮ್ಮ ವಹಿಸಿಕೊಂಡಿದ್ದಾರೆ. ದಿನಾ ಬೆಳಿಗ್ಗೆ ತುಳಸಿಗೆ ನೀರೆರೆದು ಪ್ರದಕ್ಷಿಣೆ ಮುಗಿಸಿದ ಮೇಲೆ, ಚೊಂಬಿನಲ್ಲಿ ಉಳಿದದ್ದನ್ನು ತಂದು ಆ ಕೊಳವೆಯ ಬಾಯಿಗೆ ಸುರಿಯುತ್ತಾರೆ.